ಓಡುತ್ತಿದ್ದ ಲೇತ್ ನಿಂತದ್ದೇಕೆ?

ಚನ್ನಪಟ್ಟಣದ ಗೊಂಬೆಗೆ ಬಣ್ಣ ಹಚ್ಚುವುದನ್ನು ನೀವು ನೋಡಿದ್ದೀರಾ? ಅಲ್ಲಿ ಕುಂಚದ ಕೆಲಸವಿಲ್ಲ. ಲೇತಿನಲ್ಲಿ ಗಿರ್ರನೆ ತಿರುಗುತ್ತಿರುವ ಹಾಲೆ ಮರದ ತುಂಡಿಗೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಆಮೇಲೆ ತಾಳೆಗರಿಯಿಂದ ಉಜ್ಜಿದರೆ ಹೊಳಪು ಬರುತ್ತದೆ. ಈ ಕೆಲಸದ ನಡುವೆಯೇ ಲೇತ್ ನಿಂತುಬಿಟ್ಟರೆ ಅರಗು ಅಲ್ಲಲ್ಲೇ ಗಂಟುಗಟ್ಟುತ್ತದೆ. ಹದಿನೈದು ನಿಮಿಷ ಬಿಟ್ಟು ಗುಂಡಿ ಒತ್ತಿದರೆ ಯಂತ್ರ ಏನೂ ಆಗಿಲ್ಲವೆಂಬಂತೆ ಓಡುತ್ತದೆ. ಅರ್ಧ ಗಂಟೆಗೆ ಮತ್ತೆ ನಿಲ್ಲುತ್ತದೆ.

'ಮೋಟಾರು ಸುಟ್ಟಿದೆ' ಎಂದು ಬಿಚ್ಚಿ ಸುರುಳಿ ಸುತ್ತಿಸಲು ಕಳುಹಿಸುವವರೇ ಹೆಚ್ಚು. ದಯವಿಟ್ಟು ಅವಸರ ಬೇಡ. ಸುಟ್ಟ ಸುರುಳಿ ತಣಿದ ಮಾತ್ರಕ್ಕೆ ಸರಿಹೋಗುವುದಿಲ್ಲ. ತಣಿದ ಮೇಲೆ ಲೇತ್ ಓಡುತ್ತದೆಂದರೆ, ಬಹುಮಟ್ಟಿಗೆ, ಮೋಟಾರನ್ನು ಸುಡದಂತೆ ಕಾಯುವ ಸಾಧನ ತನ್ನ ಕೆಲಸ ಮಾಡಿದೆ ಎಂದೇ ಅರ್ಥ.

ಲೇತ್ ನಿಂತೊಡನೆ ನೀವು ಮಾಡಬೇಕಾದ ಮೊದಲ ಕೆಲಸ ಸ್ವಿಚ್ಚನ್ನು ಆರಿಸಿ ಪ್ಲಗ್ಗನ್ನು ಕಿತ್ತಿಡುವುದು. ಕೆಲವು ಮೋಟಾರುಗಳ ಒಳಗೆ ಶಾಖರಕ್ಷಕ ಇರುತ್ತದೆ. ಬಿಸಿಯಾದಾಗ ಅದು ಮಂಡಲವನ್ನು ಕಡಿಯುತ್ತದೆ, ತಣಿದಾಗ ತಾನಾಗಿಯೇ ಕೂಡಿಸುತ್ತದೆ. ನೀವು ಬೆಲ್ಟಿನೊಳಗೆ ಬೆರಳಿಟ್ಟು ಪರೀಕ್ಷಿಸುತ್ತಿರುವಾಗಲೇ ಅದು ತಣಿಯಬಹುದು! ಕೆಪಾಸಿಟರನ್ನೂ ಬರಿಗೈಯಲ್ಲಿ ಮುಟ್ಟಬೇಡಿ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಆವೇಶ ಉಳಿದಿರುತ್ತದೆ.

ಇನ್ನು, ನಿಂತ ಗಳಿಗೆಯಲ್ಲಿ ಕಿವಿಗೆ ಏನು ಕೇಳಿಸಿತು, ನೆನಪಿಸಿಕೊಳ್ಳಿ. ಮೋಟಾರು ಓಡುತ್ತಲೇ ಇದ್ದು ಮರ ಮಾತ್ರ ನಿಂತಿದ್ದರೆ ಬೆಲ್ಟು ಜಾರಿದೆ, ಅಷ್ಟೆ. ಮೋಟಾರು ಗುಂಯ್‌ಗುಡುತ್ತಾ ತಿರುಗದೆ ಇದ್ದರೆ ಉಳಿ ಮರಕ್ಕೆ ಕಚ್ಚಿಕೊಂಡಿರಬೇಕು, ಇಲ್ಲವೆ ಬೇರಿಂಗು ಹಿಡಿದಿರಬೇಕು. ಪೂರಾ ನಿಶ್ಶಬ್ದವಾದರೆ ಮೋಟಾರಿಗೆ ವಿದ್ಯುತ್ತೇ ಬರುತ್ತಿಲ್ಲ. ನಾವು ಹುಡುಕಬೇಕಾದದ್ದು ಈ ಮೂರನೆಯ ಬಗೆಯನ್ನು.

ಸ್ಟಾರ್ಟರಿನಲ್ಲಿ ದ್ವಿಲೋಹ ಪಟ್ಟಿಯ ರಕ್ಷಕವಿರುತ್ತದೆ. ಹೆಚ್ಚು ಪ್ರವಾಹ ಹರಿದು ಪಟ್ಟಿ ಬಿಸಿಯಾದರೆ ಬಾಗಿ ಮಂಡಲವನ್ನು ಕಡಿಯುತ್ತದೆ. ಹಾಗಾದರೆ ಪ್ರವಾಹ ಹೆಚ್ಚಿದ್ದೇಕೆ? ಉಳಿ ಮೊಂಡಾಗಿದ್ದರೆ, ಅರಗಿನ ಕಡ್ಡಿಯನ್ನು ಬಲವಾಗಿ ಒತ್ತಿದರೆ, ಹಿಂದಿನ ಮೊನೆಯನ್ನು ಅತಿಯಾಗಿ ಬಿಗಿದಿದ್ದರೆ ಹೊರೆ ಹೆಚ್ಚುತ್ತದೆ. ಆದರೆ ನಮ್ಮ ಊರುಗಳಲ್ಲಿ ಇವೆಲ್ಲಕ್ಕಿಂತ ಮೊದಲು ಶಂಕಿಸಬೇಕಾದದ್ದು ವೋಲ್ಟೇಜನ್ನು. ಇಂಡಕ್ಷನ್ ಮೋಟಾರು ಕೊಡಬಲ್ಲ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿದೆ. 230 ವೋಲ್ಟಿನ ಕಡೆ 180 ಮಾತ್ರ ಬಂದರೆ ಬಲ ಶೇಕಡ 61ಕ್ಕೆ ಇಳಿಯುತ್ತದೆ. ಹೊರೆ ಮಾತ್ರ ಅಷ್ಟೇ ಇದೆಯಲ್ಲ! ಮೋಟಾರು ವೇಗ ಕಳೆದುಕೊಂಡು ಹೆಚ್ಚು ಪ್ರವಾಹವನ್ನು ಎಳೆಯುತ್ತದೆ. ಸುರುಳಿಯ ಶಾಖ ಪ್ರವಾಹದ ವರ್ಗದಂತೆ ಏರುತ್ತದೆ.

ವೋಲ್ಟೇಜಿನ ಕೊರತೆಗೆ ಪ್ರತಿಸಲವೂ ಕಂಬದ ತಂತಿಯನ್ನೇ ದೂರಬೇಕಿಲ್ಲ. ಮನೆಯಿಂದ 30 ಮೀಟರ್ ದೂರದ ಕೊಟ್ಟಿಗೆಗೆ 1 ಚದರ ಮಿ.ಮೀ. ತಾಮ್ರದ ತಂತಿ ಎಳೆದಿದ್ದೀರಿ ಎನ್ನಿ. ಹೋಗುವ, ಬರುವ ದಾರಿ ಸೇರಿ 60 ಮೀಟರ್. ಅದರ ರೋಧ ಸುಮಾರು 1.1 ಓಮ್. ಒಂದು ಅಶ್ವಶಕ್ತಿಯ ಮೋಟಾರು 8 ಆಂಪಿಯರ್ ಎಳೆದರೆ ತಂತಿಯಲ್ಲೇ ಸುಮಾರು 9 ವೋಲ್ಟ್ ನಷ್ಟ. ಹೊರಡುವಾಗ ಇದರ ಐದು ಪಟ್ಟು ಎಳೆದರೆ ನಷ್ಟ 44 ವೋಲ್ಟ್! 2.5 ಚದರ ಮಿ.ಮೀ. ತಂತಿ ಹಾಕಿದರೆ ನಷ್ಟವೂ ಎರಡೂವರೆ ಪಟ್ಟು ಕಡಿಮೆ. ಮೋಟಾರು ಸುತ್ತಿಸುವ ಖರ್ಚಿಗೆ ಹೋಲಿಸಿದರೆ ತಂತಿ ಅಗ್ಗ.

ವೋಲ್ಟೇಜು ಬಹಳ ಕುಸಿದಾಗ ಸ್ಟಾರ್ಟರಿನ ವಿದ್ಯುತ್ಕಾಂತ ಹಿಡಿತ ಬಿಟ್ಟು ಲೇತನ್ನು ಥಟ್ಟನೆ ನಿಲ್ಲಿಸುವುದೂ ಉಂಟು. ಆಗ ಕಾಯದೆಯೇ, ಗುಂಡಿ ಒತ್ತಿದ ಕೂಡಲೆ ಅದು ಮತ್ತೆ ಓಡುತ್ತದೆ. ಇದನ್ನು ಕಂಡುಹಿಡಿಯಲು ಅದೇ ಸಾಲಿಗೆ ಹಳೆಯ ತಂತುವಿನ ಬಲ್ಬೊಂದನ್ನು ಜೋಡಿಸಿಡಿ. ಲೇತ್ ನಿಲ್ಲುವ ಮುನ್ನ ಅದು ಮಂಕಾಗುತ್ತದೆ. ಎಲ್‌ಇಡಿ ದೀಪ ಇದಕ್ಕೆ ಆಗದು. ವೋಲ್ಟೇಜು ಇಳಿದರೂ ಅವುಗಳಲ್ಲಿ ಹಲವು ಅದೇ ಬೆಳಕು ಕೊಡುತ್ತವೆ.

ಬಲ್ಬು ಮಂಕಾಗದಿದ್ದರೆ ಬೆಲ್ಟನ್ನು ಕಳಚಿ ಮೋಟಾರನ್ನೊಂದೇ ಓಡಿಸಿ. ಅರ್ಧ ಗಂಟೆ ಓಡಿತೆ? ದೋಷ ಲೇತಿನ ಕಡೆಗಿದೆ. ಪ್ಲಗ್ ಕಿತ್ತು, ದಂಡವನ್ನು ಕೈಯಿಂದ ತಿರುಗಿಸಿ ನೋಡಿ; ಬಿಗಿಯಾಗಿದ್ದರೆ ಬೇರಿಂಗು ಒಣಗಿದೆ. ಬರಿ ಮೋಟಾರೇ ನಿಂತರೆ ಮೊದಲು ಅದರ ಹಿಂದಿನ ಫ್ಯಾನಿನ ಮುಚ್ಚಳ ತೆಗೆಯಿರಿ. ಮರದ ಹುಡಿ ಅರಗಿನ ಹೊಗೆಯ ಜಿಗುಟಿನೊಂದಿಗೆ ಕೂಡಿ ಕಂಬಳಿಯಂತೆ ಕವಿದಿರುತ್ತದೆ. ಶಾಖ ಹೊರಹೋಗುವ ದಾರಿಯೇ ಮುಚ್ಚಿರುತ್ತದೆ.

ಹುಡಿಗೆ ಇನ್ನೊಂದು ಕಿತಾಪತಿಯೂ ಗೊತ್ತು. ಕೆಪಾಸಿಟರಿನಿಂದ ಹೊರಡುವ ಮೋಟಾರಿನಲ್ಲಿ ಹೊರಡಿಸುವ ಸುರುಳಿ ಕೆಲವು ಕ್ಷಣಗಳಿಗೆ ಮಾತ್ರ ಬೇಕು. ಪೂರ್ಣವೇಗದ ಸುಮಾರು ಮುಕ್ಕಾಲು ಭಾಗ ಮುಟ್ಟಿದಾಗ ಕೇಂದ್ರಾಪಗಾಮಿ ಸ್ವಿಚ್ಚು 'ಟಕ್' ಎಂದು ಅದನ್ನು ಕಳಚುತ್ತದೆ. ಹುಡಿ ಸಿಕ್ಕಿ ಅದು ಕಳಚದಿದ್ದರೆ ಸುರುಳಿ ಬೇಗನೆ ಕಾಯುತ್ತದೆ, ಕೆಪಾಸಿಟರು ಸಿಡಿಯಲೂಬಹುದು. ಹೊರಡುವಾಗ ಆ ಸದ್ದು ಕೇಳಿಸದಿದ್ದರೆ ಮತ್ತೆ ಮತ್ತೆ ಓಡಿಸಿ ನೋಡಬೇಡಿ, ಮೆಕ್ಯಾನಿಕ್ಕನ್ನು ಕರೆಯಿರಿ.

ರಕ್ಷಕ ಪದೇ ಪದೇ ಕಡಿಯುತ್ತದೆಂದು ಅದರ ತಿರುಪನ್ನು ಹೆಚ್ಚು ಆಂಪಿಯರಿಗೆ ತಿರುಗಿಸುವವರಿದ್ದಾರೆ. ಮೋಟಾರಿನ ಫಲಕದಲ್ಲಿ ಬರೆದ ಆಂಪಿಯರಿಗಿಂತ ಅದು ಮೇಲೆ ಹೋಗಕೂಡದು. ಹೋದರೆ ಮುಂದಿನ ಸಲ ನಿಜಕ್ಕೂ ಸುಟ್ಟ ಮೋಟಾರೇ ಸಿಗುತ್ತದೆ.

ನನಗೆ ಪರಿಚಯದ ಒಬ್ಬರ ಲೇತಿನಲ್ಲಿ ಇದೊಂದೂ ಅಲ್ಲ. ಎರಡು ಸಲ ಸುರುಳಿ ಸುತ್ತಿಸಿದ ಮೇಲೂ ಅದು ನಿಲ್ಲುತ್ತಲೇ ಇತ್ತು. ಓಡಿಸಿದ ಮೇಲೆ ಪ್ಲಗ್ ಕಿತ್ತು ಅದರ ಪಿನ್ನುಗಳನ್ನು ನೋಡಿದೆವು. ಒಂದು ಕಪ್ಪಗಾಗಿ ಬಿಸಿಯಾಗಿತ್ತು. ಗೋಡೆಯ ಸಾಕೆಟ್ಟಿನ ತಿರುಪು ಸಡಿಲವಾಗಿತ್ತು. ಸಾಕೆಟ್ಟನ್ನು ಬದಲಿಸಿದೆವು.