ಕರಾವಳಿಯ ಬಾನುಲಿ: ಖರ್ಚು ಯಾರದು, ದನಿ ಯಾರದು?

ಕರಾವಳಿಯ ಬಾನುಲಿ ಕಳೆದ ಐದು ದಶಕಗಳಲ್ಲಿ ಮೂರು ರೂಪಗಳನ್ನು ತಾಳಿದೆ. ಕೇಳುಗರ ಅಭಿರುಚಿ ಬದಲಾದುದು ಇದಕ್ಕೆ ಒಂದು ಕಾರಣ ನಿಜ. ಆದರೆ ಪ್ರಸಾರದ ವೆಚ್ಚವನ್ನು ಯಾರು ಭರಿಸಬೇಕು ಎಂಬ ಪ್ರಶ್ನೆಗೆ ಪ್ರತಿ ಘಟ್ಟದಲ್ಲೂ ಬೇರೆ ಉತ್ತರ ದೊರೆತದ್ದು ಅದಕ್ಕಿಂತ ದೊಡ್ಡ ಕಾರಣ.

ಮೊದಲ ರೂಪ ಸರ್ಕಾರದ್ದು. 1976ರಲ್ಲಿ ಆಕಾಶವಾಣಿಯ ಮಂಗಳೂರು ಕೇಂದ್ರ ಆರಂಭವಾಯಿತು. ಅದರ ಪ್ರಸಾರಯಂತ್ರ ಸ್ಥಾಪನೆಯಾದದ್ದು ಉಡುಪಿಗೆ ಸಮೀಪದ ಬ್ರಹ್ಮಾವರದಲ್ಲಿ. ಅಲ್ಲಿಯವರೆಗೆ ಬೆಂಗಳೂರು, ಧಾರವಾಡ, ಭದ್ರಾವತಿಗಳ ಅಲೆಗಳನ್ನು ಅರಸುತ್ತಿದ್ದ ಕರಾವಳಿಯವರಿಗೆ ತಮ್ಮದೇ ತುಳು, ಕೊಂಕಣಿ ಮಾತು, ಯಕ್ಷಗಾನ, ಕೃಷಿ ಸಲಹೆಗಳು ಮನೆಯೊಳಗೆ ಕೇಳತೊಡಗಿದವು. ಎಂಬತ್ತರ ದಶಕದ ಮಧ್ಯಭಾಗದವರೆಗೂ ಕೇಳುಗರು ಅಂಚೆ ಕಚೇರಿಯಲ್ಲಿ ಪರವಾನಗಿ ಶುಲ್ಕ ಕಟ್ಟುತ್ತಿದ್ದರು. ಉಳಿದ ಹೊರೆ ಬೊಕ್ಕಸದ ಮೇಲಿತ್ತು. ಹಾಗಾಗಿ ಕೊಳ್ಳುವ ಶಕ್ತಿಯಿಲ್ಲದವನೂ ಅಲ್ಲಿ ಕೇಳುಗನೇ ಆಗಿದ್ದ. ಆದರೆ ಏನು ಹೇಳಬೇಕೆಂದು ತೀರ್ಮಾನಿಸುವವರು ಅಧಿಕಾರಿಗಳಾಗಿದ್ದರು.

ಎರಡನೆಯದು ಮಾರುಕಟ್ಟೆಯ ರೂಪ. ತರಂಗಾಂತರಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಘೋಷಿಸಿತು. 2005ರ ನೀತಿಯ ಅನ್ವಯ ಖಾಸಗಿ ಎಫ್‌ಎಂ ವಾಹಿನಿಗಳು ಮಂಗಳೂರಿಗೂ ಬಂದವು. ಚಿತ್ರಗೀತೆ, ನಿರೂಪಕರ ಲವಲವಿಕೆಯ ಹರಟೆ, ನಡುನಡುವೆ ಜಾಹೀರಾತು ಎಂಬ ಹೊಸ ಮಾದರಿ ರೂಢಿಗೆ ಬಂತು. ರೇಡಿಯೊ ಮತ್ತೆ ಯುವಜನರ ಸಂಗಾತಿಯಾಯಿತು. ಇದನ್ನು ಹಗುರವಾಗಿ ಕಾಣಲಾಗದು. ಆದರೆ ಜಾಹೀರಾತುದಾರ ಬೆಲೆ ಕಟ್ಟುವುದು ನಗರದ ಗ್ರಾಹಕನ ಕಿವಿಗೆ. ಕಾರ್ಕಳದ ಅಡಿಕೆ ತೋಟದ ಕೊಳೆರೋಗ, ಕಾಪುವಿನ ಕಡಲ್ಕೊರೆತ ಆ ಲೆಕ್ಕಕ್ಕೆ ಸಿಗುವುದಿಲ್ಲ.

ಈ ಕೊರತೆಯನ್ನು ತುಂಬಬೇಕಾದುದು ಮೂರನೆಯ ರೂಪವಾದ ಸಮುದಾಯ ರೇಡಿಯೊ. 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ ತೆರೆದ ಈ ಬಾಗಿಲು 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಕೃಷಿ ವಿಜ್ಞಾನ ಕೇಂದ್ರಗಳಿಗೂ ತೆರೆಯಿತು. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟು ಸ್ಥಳೀಯವಾಗಿ, ಸಮುದಾಯದ ಪಾಲ್ಗೊಳ್ಳುವಿಕೆಯಿಂದ ಸಿದ್ಧವಾಗಬೇಕೆಂಬುದು ನಿಯಮ. 90.4 ಮೆಗಾಹರ್ಟ್ಸ್‌ನ ರೇಡಿಯೊ ಮಣಿಪಾಲ್ ನಮ್ಮ ಜಿಲ್ಲೆಯಲ್ಲಿರುವ ನಿದರ್ಶನ. ಆದರೆ ಇಂತಹ ಕೇಂದ್ರಗಳ ಪ್ರಸಾರಶಕ್ತಿ ಸಾಮಾನ್ಯವಾಗಿ 100 ವ್ಯಾಟ್‌ಗೆ ಸೀಮಿತ. ಅದರ ದನಿ ಹತ್ತಾರು ಕಿಲೋಮೀಟರ್ ದಾಟುವುದು ಕಷ್ಟ. ಮಣಿಪಾಲದಿಂದ ಕಾರ್ಕಳಕ್ಕೆ ರಸ್ತೆಯಲ್ಲಿ 30 ಕಿಲೋಮೀಟರಿಗೂ ಹೆಚ್ಚು ದೂರವಿದೆ. ಆದ್ದರಿಂದ ಜಿಲ್ಲೆಗೆ ಒಂದು ಕೇಂದ್ರ ಸಾಲದು.

ಹಣದ ಪ್ರಶ್ನೆ ಇಲ್ಲಿಯೂ ತಪ್ಪಿಲ್ಲ. 2024ರ ಮಾರ್ಗಸೂಚಿ ಗಂಟೆಗೆ 12 ನಿಮಿಷದ ಜಾಹೀರಾತಿಗೆ ಅವಕಾಶ ನೀಡಿ, 10 ಸೆಕೆಂಡಿಗೆ 74 ರೂಪಾಯಿಯ ದರ ನಿಗದಿಪಡಿಸಿತು. ಇಡೀ ಅವಧಿ ಮಾರಾಟವಾದರೂ ಗಂಟೆಗೆ ದೊರೆಯುವುದು 5,328 ರೂಪಾಯಿ. ಸಣ್ಣ ಊರುಗಳಲ್ಲಿ ಅಷ್ಟು ಜಾಹೀರಾತು ಸಿಗುವ ಭರವಸೆಯಾದರೂ ಎಲ್ಲಿದೆ?

ಪರಿಹಾರ ಅಸಾಧ್ಯವೇನಲ್ಲ. ಈ ಕೇಂದ್ರಗಳು ಸ್ವಂತ ಸುದ್ದಿ ಪ್ರಸಾರ ಮಾಡುವಂತಿಲ್ಲ, ನಿಜ. ಆದರೆ ಹವಾಮಾನ, ಪ್ರಕೃತಿ ವಿಕೋಪದ ಎಚ್ಚರಿಕೆ, ನೀರು ಮತ್ತು ವಿದ್ಯುತ್ ಕುರಿತ ಪ್ರಕಟಣೆ, ಪರೀಕ್ಷಾ ಫಲಿತಾಂಶಗಳನ್ನು ನಿಯಮಾವಳಿ ಸುದ್ದಿಯೆಂದು ಪರಿಗಣಿಸುವುದಿಲ್ಲ. ಜಿಲ್ಲಾಡಳಿತವೂ ಸ್ಥಳೀಯ ಸಂಸ್ಥೆಗಳೂ ಇವುಗಳಿಗಾಗಿ ಪ್ರಸಾರದ ಸಮಯವನ್ನು ಹಣ ಕೊಟ್ಟು ಪಡೆಯಲಿ. ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರವಾಗಲಿ, ಕಾರ್ಕಳ, ಕಾಪುವಿನ ಕಾಲೇಜುಗಳಾಗಲಿ ಪರವಾನಗಿಗೆ ಮುಂದಾದರೆ ಅವುಗಳ ಬೆನ್ನಿಗೆ ನಿಲ್ಲಲಿ. ಮಳೆಗಾಲದಲ್ಲಿ ಕಂಬ ಉರುಳಿ, ಮೊಬೈಲ್ ಜಾಲ ಸ್ತಬ್ಧವಾದಾಗಲೂ ಬ್ಯಾಟರಿಯ ರೇಡಿಯೊ ಮಾತನಾಡಬಲ್ಲದು. ಆದರೆ ಅದರೊಳಗೆ ಮಾತನಾಡಲು ನಮ್ಮೂರಿನವರು ಇರಬೇಕಷ್ಟೆ.