ಭೂಪಟದಲ್ಲಿ ಧ್ರುವಪ್ರದೇಶ

ಗಣಕಯಂತ್ರದ ಪರದೆಯಲ್ಲಿ ಕಾಣುವ ಅನೇಕ ಭೂಪಟಗಳಲ್ಲಿ ಗ್ರೀನ್‌ಲ್ಯಾಂಡ್ ದ್ವೀಪವು ಆಫ್ರಿಕಾ ಖಂಡದಷ್ಟೇ ವಿಶಾಲವಾಗಿ ತೋರುತ್ತದೆ. ಭಾರತವು ಅದರ ಮುಂದೆ ತೀರ ಚಿಕ್ಕದು. ವಾಸ್ತವವಾಗಿ ಗ್ರೀನ್‌ಲ್ಯಾಂಡಿನ ವಿಸ್ತೀರ್ಣ ಸುಮಾರು 21.7 ಲಕ್ಷ ಚದರ ಕಿಲೋಮೀಟರು, ಭಾರತದ್ದು 32.9 ಲಕ್ಷ. ಆಫ್ರಿಕಾವಂತೂ ಗ್ರೀನ್‌ಲ್ಯಾಂಡಿನ ಸುಮಾರು ಹದಿನಾಲ್ಕು ಪಟ್ಟು ದೊಡ್ಡದು.

ಕಿತ್ತಳೆಯ ಸಿಪ್ಪೆಯನ್ನು ಹರಿಯದೆ, ಹಿಗ್ಗಿಸದೆ ಮಣೆಯ ಮೇಲೆ ಸಮನಾಗಿ ಹರಡಲಾಗದು. ಗೋಲವನ್ನು ಹಾಳೆಗೆ ಇಳಿಸುವವನ ಕಷ್ಟವೂ ಅದೇ. 1569ರಲ್ಲಿ ಗೆರಾರ್ಡಸ್ ಮರ್ಕೇಟರ್ ನಾವಿಕರಿಗಾಗಿ ಒಂದು ಭೂಪಟವನ್ನು ರಚಿಸಿದನು. ಧ್ರುವಗಳಲ್ಲಿ ಕೂಡಬೇಕಾದ ರೇಖಾಂಶಗಳನ್ನು ಅವನು ಸಮಾನಾಂತರವಾಗಿ ಎಳೆದನು. ಹೀಗೆ ಪೂರ್ವ-ಪಶ್ಚಿಮವಾಗಿ ಹಿಗ್ಗಿದ ನೆಲದ ಆಕಾರ ಕೆಡದಿರಲೆಂದು ಉತ್ತರ-ದಕ್ಷಿಣವಾಗಿಯೂ ಅಷ್ಟೇ ಹಿಗ್ಗಿಸಿದನು. ದಿಕ್ಸೂಚಿಯ ಒಂದೇ ದಿಕ್ಕನ್ನು ಹಿಡಿದು ಸಾಗುವ ಹಡಗಿನ ಹಾದಿ ಅಲ್ಲಿ ಸರಳರೇಖೆ. ನಾವಿಕನಿಗೆ ಅದು ವರವೇ ಸರಿ. ಶಾಲೆಯ ಗೋಡೆಗೂ ಅದೇ ಏರಿದ್ದು ಉಚಿತವಾಗಲಿಲ್ಲ. ಏಕೆಂದರೆ 60ನೆಯ ಅಕ್ಷಾಂಶದಲ್ಲಿ ಉದ್ದವು ಇಮ್ಮಡಿ, ವಿಸ್ತೀರ್ಣವು ನಾಲ್ಮಡಿ. ಧ್ರುವದಲ್ಲಿಯೋ ಈ ಹಿಗ್ಗುವಿಕೆ ಅನಂತ. ಆ ಬಿಂದುವನ್ನು ಗುರುತಿಸಲು ಎಷ್ಟು ಉದ್ದದ ಹಾಳೆಯೂ ಸಾಲದು.

ಗಣಕಯಂತ್ರದ ಭೂಪಟಕಾರರೂ ಈ ಕ್ರಮವನ್ನೇ ಆರಿಸಿಕೊಂಡರು. ಬೀದಿಗಳ ಮೂಲೆಗಳು ಇದರಲ್ಲಿ ಸೊಟ್ಟಗಾಗುವುದಿಲ್ಲ. ಇಡೀ ಲೋಕವು ಒಂದು ಚೌಕದಲ್ಲಿ ಅಡಗಲೆಂದು ಉತ್ತರ-ದಕ್ಷಿಣಗಳೆರಡರಲ್ಲಿಯೂ ಸುಮಾರು 85 ಡಿಗ್ರಿಗೆ ಭೂಪಟವನ್ನು ಕತ್ತರಿಸಿದರು. ಅದರಾಚೆ ಬರಿದು. ದಕ್ಷಿಣ ಧ್ರುವದ ಅಮುಂಡ್ಸನ್-ಸ್ಕಾಟ್ ಸಂಶೋಧನಾ ಕೇಂದ್ರದಲ್ಲಿ ವರ್ಷವಿಡೀ ಜನರು ವಾಸಿಸುತ್ತಾರೆ. ಆ ಚೌಕದಲ್ಲಿ ಅವರ ನೆಲೆಗೆ ಎಡೆಯಿಲ್ಲ.