ಸಾಲಿನಿಂದೊಂದು ತುಂಡು

ಬಿ.ಎ. ಓದುವವನಿಗೆ ಗಣಕದ ಗೊಡವೆಯೇಕೆ ಎಂದು ವಾಚಕರು ಕೇಳಬಹುದು. ಕಾರಣವಿದೆ. ಕಳೆದ ವರ್ಷ ನಾನು ತುಂಬಿದ ಅರ್ಜಿಯೊಂದರ ಮುದ್ರಿತ ಪ್ರತಿಯಲ್ಲಿ ನಮ್ಮ ತಂದೆಯವರ ಹೆಸರಿನ ಕೊನೆಯ ‘ಪ್ಪ’ದ ಒತ್ತು ಉದುರಿ ಬರಿಯ ‘ಪ’ ಉಳಿದಿತ್ತು. ತಿದ್ದಿಸುವುದಕ್ಕಾಗಿ ಅವರು ಕಾಯಿ ಸುಲಿಯುವ ಕೆಲಸವನ್ನು ಎರಡು ದಿನ ಬಿಟ್ಟು ನನ್ನೊಡನೆ ಅಲೆದರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ, ಆದರೂ “ಇದು ಹೆಂಗಾಯ್ತಪ್ಪ?” ಎಂದು ಅವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಅದನ್ನು ಹುಡುಕುತ್ತ ಪೈಥಾನ್ ಎಂಬ ಗಣಕಭಾಷೆಯನ್ನು ಅಷ್ಟಿಷ್ಟು ಕಲಿತೆನು.

ಒಂದೇ ಹೆಸರಿನಡಿ ಕ್ರಮವಾಗಿ ಇಟ್ಟ ವಸ್ತುಗಳ ಸಾಲಿಗೆ ಗಣಕದವರು ‘ಅರೇ’ ಎನ್ನುತ್ತಾರೆ. ಅದರಿಂದ ಒಂದು ಭಾಗವನ್ನು ತೆಗೆಯುವುದು ‘ಸ್ಲೈಸ್’. ನಮ್ಮ ತುರುವೇಕೆರೆ ಸೀಮೆಯ ಯಾವುದಾದರೊಂದು ತೋಟದಲ್ಲಿ ಹತ್ತು ತೆಂಗಿನ ಮರಗಳ ಸಾಲನ್ನು ಊಹಿಸಿಕೊಳ್ಳಿ. ಸಾಲು[2:5] ಎಂದು ಬರೆದರೆ ಪೈಥಾನ್ ಕೊಡುವುದು ಮೂರು, ನಾಲ್ಕು, ಐದನೆಯ ಮರಗಳನ್ನು. ಇದೆಂತಹ ಲೆಕ್ಕವೆಂದು ನಾನೂ ತಲೆ ಕೆರೆದುಕೊಂಡೆ. ಆ ಅಂಕೆಗಳು ಮರದ ಹೆಸರಲ್ಲ, ಹಿಂದೆ ಬಿಟ್ಟು ಬಂದ ಮರಗಳ ಎಣಿಕೆ ಎಂದುಕೊಂಡರೆ ಗೊಂದಲವಿಲ್ಲ: ಎರಡು ಮರ ದಾಟಿ ಹೊರಡು, ಐದು ದಾಟಿದೊಡನೆ ನಿಲ್ಲು. ಐದರಲ್ಲಿ ಎರಡು ಕಳೆದರೆ ಮೂರು. ತುಂಡಿನ ಉದ್ದವೂ ಅಷ್ಟೇ. ಎಣಿಕೆ ಸೊನ್ನೆಯಿಂದ ಆರಂಭವಾಗಿ ಕೊನೆಯ ಅಂಕೆಯನ್ನು ಹೊರಗಿಡುವುದೇ ಲೇಸೆಂದು ಡಚ್ ವಿದ್ವಾಂಸ ಡೈಕ್‌ಸ್ಟ್ರಾ 1982ರ ಒಂದು ಟಿಪ್ಪಣಿಯಲ್ಲಿ ವಾದಿಸಿದ್ದಾರೆ. ಫೋರ್ಟ್ರಾನ್ ಭಾಷೆಯಲ್ಲಾದರೋ ಎಣಿಕೆ ಸಾಮಾನ್ಯವಾಗಿ ಒಂದರಿಂದ, ಮತ್ತು ಎರಡು ಕೊನೆಗಳೂ ತುಂಡಿಗೆ ಸೇರುತ್ತವೆ. ಒಂದು ಭಾಷೆಯ ಅಭ್ಯಾಸದಿಂದ ಇನ್ನೊಂದಕ್ಕೆ ಹೋದವರು ಒಂದು ಮರ ಹೆಚ್ಚೋ ಕಡಮೆಯೋ ಕಡಿದುಬಿಡುತ್ತಾರೆ.

ಗಣಕಕ್ಕೆ ಪದವೂ ಒಂದು ಸಾಲೇ. ‘ತುರುವೇಕೆರೆ’ಯಲ್ಲಿ ನಮ್ಮ ಕಣ್ಣಿಗೆ ಐದು ಅಕ್ಷರಗಳು. ಆದರೆ ಇಂದು ಎಲ್ಲೆಡೆ ಬಳಕೆಯಲ್ಲಿರುವ ಯೂನಿಕೋಡ್ ಸಂಕೇತದಲ್ಲಿ ‘ತ’ ಒಂದು ಮನೆ, ಅದರ ಕೊಂಬು ಇನ್ನೊಂದು ಮನೆ. ಹೀಗೆ ಒಟ್ಟು ಹತ್ತು. ಆದುದರಿಂದ [0:6] ಎಂದರೆ ‘ತುರುವೇ’, [6:10] ಎಂದರೆ ‘ಕೆರೆ’. ಆರು ಎರಡು ಕಡೆಯೂ ಬಂದಿದ್ದರೂ ಏನೂ ಕಳೆಯಲಿಲ್ಲ, ಏನೂ ಇಮ್ಮಡಿಯಾಗಲಿಲ್ಲ. ಆದರೆ ಮೊದಲ ಮೂರಕ್ಷರ ಬೇಕೆಂದು [0:3] ಎಂದು ಬರೆದು ನೋಡಿ: ಸಿಗುವುದು ‘ತುರ’!

ಒತ್ತಕ್ಷರದ ಪಾಡು ಇನ್ನೂ ಕಷ್ಟ. ‘ಪ್ಪ’ ಎಂಬುದು ಪ, ವಿರಾಮಚಿಹ್ನೆ, ಮತ್ತೊಂದು ಪ ಎಂದು ಮೂರು ಮನೆಗಳನ್ನು ಹಿಡಿಯುತ್ತದೆ. ‘ಚಿಕ್ಕನಾಯಕನಹಳ್ಳಿ’ಗೆ ಎಂಟು ಅಕ್ಷರಗಳಾದರೂ ಮನೆಗಳು 15. ಇಂಗ್ಲಿಷಿನಲ್ಲಿ ಒಂದು ಅಕ್ಷರಕ್ಕೆ ಒಂದೇ ಮನೆ. ಆ ಲೆಕ್ಕದಲ್ಲೇ ಹೆಸರಿಗೆ ಮಿತಿ ಹಾಕಿದವರಿಗೆ ಇದು ಹೊಳೆಯದಿರುವುದು ಸಹಜ, ಕ್ಷಮಾರ್ಹವಲ್ಲದಿದ್ದರೂ.

ಉಪಾಯ ಕಠಿಣವೇನಲ್ಲ. ಸ್ವರಚಿಹ್ನೆ, ಅನುಸ್ವಾರ, ವಿಸರ್ಗ, ವಿರಾಮ ಇವು ಹಿಂದಿನದಕ್ಕೆ ಅಂಟಲಿ. ವಿರಾಮದ ಮುಂದೆ ಬರುವ ವ್ಯಂಜನವೂ ಅದಕ್ಕೇ ಅಂಟಲಿ. ಹೀಗೆ ತು, ರು, ವೇ, ಕೆ, ರೆ ಎಂದು ಅಕ್ಷರಗಳದೇ ಹೊಸ ಸಾಲು ಕಟ್ಟಿಕೊಂಡು ಕತ್ತರಿಸಿದರೆ [0:3] ಎಂಬುದು ‘ತುರುವೇ’ಯನ್ನೇ ಕೊಡುತ್ತದೆ.

ತಾತನ ಹೆಸರೂ ಸೇರಿದ ತಂದೆಯವರ ಪೂರ್ಣ ಹೆಸರನ್ನು ಎಣಿಸಿ ನೋಡಿದೆ. ಮನೆಗಳು 22. ಅರ್ಜಿಯಲ್ಲಿ ಅಚ್ಚಾದದ್ದು 20. ಆ ಸಂಜೆ ಅಂಗಳದಲ್ಲಿ ಕಾಯಿಗಳನ್ನು ಸಾಲಾಗಿ ಇಟ್ಟು ಅವರಿಗೆ ತೋರಿಸಿದೆ. ಕೊನೆಯ ಎರಡನ್ನು ಅವರೇ ಕೈಯಿಂದ ಈಚೆ ಸರಿಸಿದರು.